ಕನ್ಸಾಲಿಡೇಶನ್ ಪರೀಕ್ಷೆಯ ರೇಖೆ ಸರಿಬಾರದಿದ್ದಾಗ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಕರಾವಳಿಯ ರಸ್ತೆ ಏರಿಯೊಂದರ ಕೆಲಸಕ್ಕಾಗಿ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದ ಒಂದೇ ತೆಳುಗೋಡೆಯ ಕೊಳವೆಯಿಂದ ಮೂರು ಮಾದರಿಗಳನ್ನು ಕತ್ತರಿಸಿ, ಮೂರು ಈಡೋಮೀಟರ್‌ಗಳಲ್ಲಿ ಒಟ್ಟಿಗೆ ಪರೀಕ್ಷೆಗೆ ಇಟ್ಟಿದ್ದೆವು. ಲೋಹದ ರಿಂಗಿನೊಳಗಿನ ಮಣ್ಣನ್ನು ನೀರು ಹಾಯುವ ಎರಡು ರಂಧ್ರಯುಕ್ತ ಕಲ್ಲುಗಳ ನಡುವೆ ಇಟ್ಟು, ಹಂತ ಹಂತವಾಗಿ ಭಾರ ಹೇರಿ, ಅದು ಕುಗ್ಗುವುದನ್ನು ಡಯಲ್ ಗೇಜಿನಿಂದ ಅಳೆಯುವ ಯಂತ್ರವೇ ಈಡೋಮೀಟರ್. ಮಣ್ಣು ಮೆತ್ತನೆಯ ಕಪ್ಪು ಬೂದು ಬಣ್ಣದ ಸಮುದ್ರ ಜೇಡಿ. ಕಣ್ಣಿಗೂ ಕೈಗೂ ಮೂರರಲ್ಲಿ ವ್ಯತ್ಯಾಸವಿರಲಿಲ್ಲ. ಒತ್ತಡವನ್ನು 100ರಿಂದ 200 ಕಿಲೋಪ್ಯಾಸ್ಕಲ್‌ಗೆ ಏರಿಸಿದ ಹಂತದಲ್ಲಿ ಅರ್ಧದಷ್ಟು ಕನ್ಸಾಲಿಡೇಶನ್ (ಭಾರದಡಿ ನೀರು ಹೊರಹೋಗಿ ಮಣ್ಣು ಕುಗ್ಗುವುದು) ಮುಗಿಯಲು ಬೇಕಾದ ಸಮಯ, ಅಂದರೆ ಟಿ-50, ಮೊದಲನೆಯ ಯಂತ್ರದಲ್ಲಿ 8 ನಿಮಿಷ, ಎರಡನೆಯದರಲ್ಲಿ 9 ನಿಮಿಷ, ಮೂರನೆಯದರಲ್ಲಿ 31 ನಿಮಿಷ ಬಂತು. ಮೂರರ ಸರಾಸರಿ ಹಾಕಿ ವರದಿ ಕಳುಹಿಸುವುದು ಸುಲಭವಾಗಿತ್ತು. ಆದರೆ ಮೊದಲ ಯಂತ್ರದ ಅಂಕಿಯನ್ನು ನಂಬಿದರೆ, ಮೇಲೂ ಕೆಳಗೂ ಮರಳಿರುವ 8 ಮೀಟರ್ ದಪ್ಪದ ಪದರ ಶೇಕಡಾ 90ರಷ್ಟು ಕುಸಿಯಲು ಸುಮಾರು 13 ವರ್ಷ ಬೇಕು. ಮೂರನೆಯ ಯಂತ್ರದ ಅಂಕಿಯನ್ನು ನಂಬಿದರೆ 50 ವರ್ಷ ಬೇಕು. ಇಷ್ಟು ಅಂತರವಿರುವ ಅಂಕಿಗಳ ಸರಾಸರಿಗೆ ಅರ್ಥವಿಲ್ಲ; ಅವುಗಳಲ್ಲಿ ಒಂದಾದರೂ ತಪ್ಪಾಗಿರಲೇಬೇಕು, ಅದು ಯಾವುದು ಮತ್ತು ಏಕೆ ಎಂದು ತಿಳಿಯುವವರೆಗೆ ಉಳಿದ ಎರಡನ್ನೂ ನಂಬುವಂತಿಲ್ಲ.

ಇಂಥ ಸಂದರ್ಭಗಳಲ್ಲಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರ ಆಧಾರ ಎರಡೇ ಪ್ರಶ್ನೆಗಳು. ದೋಷ ರೇಖೆಯ ಯಾವ ಭಾಗದಲ್ಲಿ ಕಾಣಿಸಿಕೊಂಡಿದೆ: ಮೊದಲ ನಿಮಿಷದಲ್ಲೋ, ನಡುವಿನಲ್ಲೋ, ಬಾಲದಲ್ಲೋ? ಮತ್ತು ದೋಷ ಯಾವುದರ ಜೊತೆಗೆ ಹೋಗುತ್ತದೆ: ಯಂತ್ರದ ಜೊತೆಗೋ, ರಿಂಗಿನ ಜೊತೆಗೋ, ಕಲ್ಲಿನ ಜೊತೆಗೋ, ಮಣ್ಣಿನ ಜೊತೆಗೋ? ಇವೆರಡಕ್ಕೂ ಉತ್ತರ ಸಿಕ್ಕರೆ ಉಳಿದ ಕೆಲಸ ಬಹುಮಟ್ಟಿಗೆ ಕೈಕೆಲಸ.

ರೇಖೆ ಹೇಗಿರಬೇಕು

ತಪ್ಪನ್ನು ಗುರುತಿಸಬೇಕಾದರೆ ಸರಿಯಾದದ್ದು ಹೇಗಿರುತ್ತದೆ ಎಂಬ ಅಂದಾಜು ಮನಸ್ಸಿನಲ್ಲಿರಬೇಕು. ಕಾರ್ಲ್ ಟೆರ್ಜಾಗಿ 1923ರಲ್ಲಿ ಪ್ರಕಟಿಸಿದ ಏಕಮುಖ ಕನ್ಸಾಲಿಡೇಶನ್ ಸಿದ್ಧಾಂತದ ಪ್ರಕಾರ, ನೀರು ತುಂಬಿದ ಜೇಡಿಮಣ್ಣಿನ ಮೇಲೆ ಭಾರ ಬಿದ್ದ ಕ್ಷಣದಲ್ಲಿ ಅಷ್ಟೂ ಭಾರವನ್ನು ರಂಧ್ರಗಳಲ್ಲಿರುವ ನೀರು ಹೊರುತ್ತದೆ. ನೀರು ನಿಧಾನವಾಗಿ ಹೊರಗೆ ಹೋದಂತೆ ಭಾರ ಕಣಗಳ ಹಂದರಕ್ಕೆ ವರ್ಗವಾಗುತ್ತದೆ ಮತ್ತು ಹೊರಹೋದ ನೀರಿನಷ್ಟೇ ಮಣ್ಣು ಕುಗ್ಗುತ್ತದೆ. ಮಣ್ಣು ಪೂರ್ತಿ ನೀರಿನಿಂದ ತುಂಬಿದೆ, ಹರಿವು ಮತ್ತು ಕುಗ್ಗುವಿಕೆ ಎರಡೂ ಲಂಬ ದಿಕ್ಕಿನಲ್ಲಿ ಮಾತ್ರ ಇವೆ, ಆ ಹಂತದ ಉದ್ದಕ್ಕೂ ಮಣ್ಣಿನ ಪಾರಗಮ್ಯತೆ (ನೀರು ಹಾಯಲು ಬಿಡುವ ಗುಣ) ಮತ್ತು ಸಂಕುಚನಶೀಲತೆ ಬದಲಾಗುವುದಿಲ್ಲ ಎಂಬ ಊಹೆಗಳ ಮೇಲೆ ಈ ಸಿದ್ಧಾಂತ ನಿಂತಿದೆ. ಊಹೆಗಳು ಪೂರ್ತಿ ನಿಜವಲ್ಲ, ಆದರೆ ಇವುಗಳಲ್ಲಿ ಯಾವುದು ಮುರಿದರೂ ರೇಖೆಯ ಮೇಲೆ ಅದರದೇ ಗುರುತು ಬೀಳುತ್ತದೆ ಎಂಬುದು ದೋಷ ಹುಡುಕುವವರಿಗೆ ದೊಡ್ಡ ಅನುಕೂಲ.

ಡಯಲ್ ಗೇಜಿನ ಓದುಗಳನ್ನು ಸಮಯದ ವರ್ಗಮೂಲದ ಎದುರು ಗುರುತಿಸಿದರೆ, ಸುಮಾರು ಶೇಕಡಾ 60ರಷ್ಟು ಕನ್ಸಾಲಿಡೇಶನ್ ಆಗುವವರೆಗೆ ನೇರ ಗೆರೆ ಬರಬೇಕು. ಸಮಯದ ಲಾಗ್ ಎದುರು ಗುರುತಿಸಿದರೆ ತಲೆಕೆಳಗಾದ ಎಸ್ ಆಕಾರ ಬರಬೇಕು. ಟೇಲರ್ ಅವರ ವರ್ಗಮೂಲ ವಿಧಾನದಿಂದ ಟಿ-90 (ಶೇಕಡಾ 90 ಮುಗಿಯುವ ಸಮಯ), ಕಾಸಗ್ರಾಂಡೆ ಅವರ ಲಾಗ್ ವಿಧಾನದಿಂದ ಟಿ-50 ಸಿಗುತ್ತವೆ. ಇವುಗಳ ಸಮಯಾಂಶಗಳು (ಸಿದ್ಧಾಂತ ಕೊಡುವ, ಸಮಯಕ್ಕೆ ಅನುಗುಣವಾದ ಸಂಖ್ಯೆಗಳು) ಕ್ರಮವಾಗಿ 0.848 ಮತ್ತು 0.197; ಆದ್ದರಿಂದ ಟಿ-90 ಎಂಬುದು ಟಿ-50ರ 4.3 ಪಟ್ಟು ಇರಬೇಕು. ನಾನು ಮೊದಲು ನೋಡುವುದು ಈ ಅನುಪಾತವನ್ನೇ. ವರ್ಗಮೂಲ ವಿಧಾನ ಸಾಮಾನ್ಯವಾಗಿ ಲಾಗ್ ವಿಧಾನಕ್ಕಿಂತ ತುಸು ಹೆಚ್ಚಿನ ಕನ್ಸಾಲಿಡೇಶನ್ ಗುಣಾಂಕವನ್ನು (ಕನ್ಸಾಲಿಡೇಶನ್ ವೇಗದ ಅಳತೆಯನ್ನು) ಕೊಡುವುದರಿಂದ ಅನುಪಾತ ಸ್ವಲ್ಪ ಕಡಿಮೆ ಬಂದರೆ ಆತಂಕ ಬೇಡ. ಆದರೆ ಎರಡು ವಿಧಾನಗಳ ಗುಣಾಂಕಗಳು ಹಲವು ಪಟ್ಟು ಬೇರೆ ಬಂದರೆ ಆ ಹಂತದ ರೇಖೆಯಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯಬೇಕು. ಎರಡೂ ಒಪ್ಪದಿದ್ದಾಗ ಮೂರನೆಯ ಸಾಕ್ಷಿಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಶ್ರೀಧರನ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಆಯತ ಅತಿಪರವಲಯ ವಿಧಾನವನ್ನು ಕರೆಯಬಹುದು. ಸಮಯವನ್ನು ಕುಗ್ಗುವಿಕೆಯಿಂದ ಭಾಗಿಸಿ ಅದನ್ನು ಸಮಯದ ಎದುರು ಗುರುತಿಸಿದರೆ ಶೇಕಡಾ 60ರಿಂದ 90ರ ನಡುವೆ ನೇರ ಗೆರೆ ಸಿಗುತ್ತದೆ. ಲಾಗ್ ನಕ್ಷೆಯಲ್ಲಿ ಎಸ್ ಆಕಾರವೇ ಮೂಡದ ಹಂತಗಳಲ್ಲಿ ಈ ವಿಧಾನ ನನಗೆ ಹಲವು ಬಾರಿ ನೆರವಾಗಿದೆ.

ನಕ್ಷೆಗೆ ಮೊದಲು ತೂಕದ ಲೆಕ್ಕ

ನಕ್ಷೆಯನ್ನು ಮುಟ್ಟುವ ಮೊದಲು ಮಾದರಿಯ ತೂಕಗಳನ್ನು ಪರಿಶೀಲಿಸಬೇಕು, ಏಕೆಂದರೆ ಇಲ್ಲಿ ಆದ ತಪ್ಪು ಮುಂದಿನ ಪ್ರತಿ ಅಂಕಿಯಲ್ಲೂ ಸೇರಿಕೊಳ್ಳುತ್ತದೆ. ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ರಿಂಗಿನ ಒಳವ್ಯಾಸ 60 ಮಿ.ಮೀ., ಎತ್ತರ 20 ಮಿ.ಮೀ.; ಗಾತ್ರ 56.55 ಘನ ಸೆಂ.ಮೀ. ಹಸಿ ಮಣ್ಣಿನ ತೂಕ 91.6 ಗ್ರಾಂ, ಒಣಗಿಸಿದ ಮೇಲೆ 54.0 ಗ್ರಾಂ, ಕಣಗಳ ಸಾಪೇಕ್ಷ ಸಾಂದ್ರತೆ 2.68. ಹಾಗಾದರೆ ಕಣಗಳು ತುಂಬಿರುವ ಜಾಗ 20.15 ಘನ ಸೆಂ.ಮೀ., ಉಳಿದ ರಂಧ್ರಗಳ ಜಾಗ 36.40 ಘನ ಸೆಂ.ಮೀ. ಆದರೆ ಮಾದರಿಯಲ್ಲಿದ್ದ ನೀರು 37.6 ಗ್ರಾಂ. 36.40 ಘನ ಸೆಂ.ಮೀ. ಜಾಗದಲ್ಲಿ 37.6 ಗ್ರಾಂ ನೀರು ಹಿಡಿಯುವುದಿಲ್ಲ. ನೀರಿನ ತುಂಬುವಿಕೆ ಶೇಕಡಾ 103 ಎಂದು ಲೆಕ್ಕ ಹೇಳುತ್ತಿದೆ, ಅದು ಅಸಾಧ್ಯ.

ಇಂಥ ಕಡೆ 103ನ್ನು 100 ಎಂದು ತಿದ್ದಿ ಮುಂದೆ ಹೋಗುವ ಅಭ್ಯಾಸವನ್ನು ನಾನು ಹಲವು ಕಡೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಂತಿ ಗರಗಸದಿಂದ ಕೊಯ್ದ ಮೇಲ್ಮೈ ನಡುವಿನಲ್ಲಿ ಉಬ್ಬಿದ್ದು, ಸರಾಸರಿಯಲ್ಲಿ ಅರ್ಧ ಮಿ.ಮೀ. ಮಣ್ಣು ರಿಂಗಿನ ಅಂಚಿಗಿಂತ ಮೇಲಿದ್ದರೆ ನಿಜವಾದ ಎತ್ತರ 20.5 ಮಿ.ಮೀ. ಆಗುತ್ತದೆ, ಆಗ ರಂಧ್ರಗಳ ಜಾಗ 37.81 ಘನ ಸೆಂ.ಮೀ. ಆಗಿ ತುಂಬುವಿಕೆ ಶೇಕಡಾ 99.4ಕ್ಕೆ ಇಳಿಯುತ್ತದೆ. ಅಂದರೆ ಇಡೀ ಗೊಂದಲಕ್ಕೆ ಅರ್ಧ ಮಿ.ಮೀ. ಉಬ್ಬು ಸಾಕು. ಅಂಥ ಉಬ್ಬು ಲೋಡಿಂಗ್ ಕ್ಯಾಪಿನ ಅಡಿಯಲ್ಲಿ ಮೊದಲ ಹಂತದಲ್ಲೇ ಚಪ್ಪಟೆಯಾಗಿ, ಇಲ್ಲದ ಕುಗ್ಗುವಿಕೆಯೊಂದನ್ನು ತೋರಿಸುತ್ತದೆ. ಉಬ್ಬಿಲ್ಲವೆಂದು ಖಚಿತವಾದರೆ ರಿಂಗಿನ ಒಳವ್ಯಾಸವನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ, ಹಳೆಯ ರಿಂಗುಗಳು ಸವೆದಿರುತ್ತವೆ. ಬಳಿಕ ಸಾಪೇಕ್ಷ ಸಾಂದ್ರತೆಯನ್ನು ಅದೇ ಮಣ್ಣಿನಲ್ಲಿ ಅಳೆದಿದ್ದಾರೋ ಅಥವಾ ರೂಢಿಯಿಂದ ಬರೆದಿದ್ದಾರೋ ವಿಚಾರಿಸಿರಿ.

ಪರೀಕ್ಷೆ ಮುಗಿದ ಮೇಲೂ ಇಂಥದೇ ಇನ್ನೊಂದು ತಾಳೆಯಿದೆ. ಭಾರ ಇಳಿಸಿ ಹೊರತೆಗೆದ ಮಾದರಿಯ ತೇವಾಂಶವನ್ನು ಸಾಪೇಕ್ಷ ಸಾಂದ್ರತೆಯಿಂದ ಗುಣಿಸಿದರೆ ಕೊನೆಯ ರಂಧ್ರಾನುಪಾತ (ರಂಧ್ರಗಳ ಜಾಗಕ್ಕೂ ಕಣಗಳ ಜಾಗಕ್ಕೂ ಇರುವ ಅನುಪಾತ) ಸಿಗುತ್ತದೆ. ಡಯಲ್ ಓದುಗಳಿಂದ ಬಂದ ರಂಧ್ರಾನುಪಾತ ಇದಕ್ಕೆ ಹೊಂದಬೇಕು. ಮೇಲಿನ ಮಾದರಿಯಲ್ಲಿ ಕಣಗಳ ಎತ್ತರ 7.13 ಮಿ.ಮೀ. ಇರುವುದರಿಂದ ಡಯಲ್ 0.1 ಮಿ.ಮೀ. ತಪ್ಪಿದರೆ ರಂಧ್ರಾನುಪಾತ 0.014ರಷ್ಟು ತಪ್ಪುತ್ತದೆ, ಎರಡು ಲೆಕ್ಕಗಳ ಅಂತರ ಇದರ ಹಲವು ಪಟ್ಟಿದ್ದರೆ ಗೇಜಿನ ಕಡ್ಡಿ ಎಲ್ಲೋ ಸಿಕ್ಕಿಕೊಂಡಿತ್ತು, ಅಥವಾ ಡಯಲಿನ ಸುತ್ತುಗಳನ್ನು ಎಣಿಸುವಾಗ ಒಂದು ಸುತ್ತು ತಪ್ಪಿದೆ, ಅಥವಾ 0.002 ಮಿ.ಮೀ. ವಿಭಾಗದ ಗೇಜನ್ನು 0.01 ಮಿ.ಮೀ. ಎಂದು ಓದಲಾಗಿದೆ.

ಮೊದಲ ನಿಮಿಷದ ಜಿಗಿತ

ಭಾರ ಇಟ್ಟ ಕೂಡಲೇ, ಕಾಲು ನಿಮಿಷದ ಓದಿಗೂ ಮೊದಲೇ, ಡಯಲ್ ಮುಳ್ಳು ದೊಡ್ಡದಾಗಿ ಸರಿದುಬಿಡುವುದು ಅತ್ಯಂತ ಸಾಮಾನ್ಯ ದೂರು. ಸ್ವಲ್ಪ ಜಿಗಿತ ಎಲ್ಲ ಪರೀಕ್ಷೆಗಳಲ್ಲೂ ಇರುತ್ತದೆ, ಅದನ್ನು ಕಳೆಯುವ ಉಪಾಯ ಎರಡೂ ವಿಧಾನಗಳಲ್ಲಿದೆ. ಜಿಗಿತ ಆ ಹಂತದ ಒಟ್ಟು ಕುಗ್ಗುವಿಕೆಯ ದೊಡ್ಡ ಪಾಲಾದಾಗ ಮಾತ್ರ ಕಾರಣ ಹುಡುಕಬೇಕು.

ಇದಕ್ಕೆ ಎಲ್ಲ ಹಂತಗಳ ಜಿಗಿತಗಳನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಮೊದಲೆರಡು ಹಂತಗಳಲ್ಲಿ ಮಾತ್ರ ದೊಡ್ಡದಿದ್ದು ಆಮೇಲೆ ಇಲ್ಲವಾದರೆ, ಮಾದರಿಯ ಮೇಲ್ಮೈ ಕಲ್ಲಿಗೆ ಸರಿಯಾಗಿ ಕೂತಿರಲಿಲ್ಲ ಅಥವಾ ರಿಂಗಿನ ಗೋಡೆಗೂ ಮಣ್ಣಿಗೂ ನಡುವೆ ಸಂದು ಇತ್ತು. ಕೊಳವೆಯಿಂದ ಹೊರಬಂದ ಮಣ್ಣು ರಿಂಗಿಗಿಂತ ಒಂದು ಕೂದಲೆಳೆಯಷ್ಟು ಚಿಕ್ಕದಾಗಿದ್ದರೂ ಅದು ಮೊದಲು ಪಕ್ಕಕ್ಕೆ ಹರಡಿ ಸಂದು ತುಂಬುತ್ತದೆ. ಆಗ ಕುಗ್ಗುವಿಕೆ ಏಕಮುಖವಲ್ಲ. ಜಿಗಿತ ಹಂತದಿಂದ ಹಂತಕ್ಕೆ ಕ್ರಮೇಣ ಇಳಿಯುತ್ತಾ ಬಂದರೆ ರಂಧ್ರಗಳಲ್ಲಿ ಗಾಳಿ ಉಳಿದಿತ್ತು, ಒತ್ತಡ ಹೆಚ್ಚಿದಂತೆ ಅದು ಕುಗ್ಗಿ ನೀರಿನಲ್ಲಿ ಕರಗುತ್ತಿದೆ ಎಂದು ಊಹಿಸಬಹುದು. ತೂಕದ ಲೆಕ್ಕದಲ್ಲಿ ತುಂಬುವಿಕೆ 90ಕ್ಕಿಂತ ಕಡಿಮೆ ಬಂದಿದ್ದರೆ ಊಹೆ ಗಟ್ಟಿಯಾಗುತ್ತದೆ. ಕೊನೆಯ ಹಂತದವರೆಗೂ ಜಿಗಿತ ಬಿಡದೆ ಬಂದರೆ, ಮತ್ತು ಮಣ್ಣು ಬದಲಾದರೂ ಅದೇ ಯಂತ್ರದಲ್ಲಿ ಅದೇ ಪ್ರಮಾಣದಲ್ಲಿ ಕಾಣಿಸಿದರೆ, ಕುಗ್ಗುತ್ತಿರುವುದು ಮಣ್ಣಲ್ಲ, ಯಂತ್ರ.

ಯಂತ್ರದ ಕುಗ್ಗುವಿಕೆಯನ್ನು ಅಳೆಯಲು ಮಾದರಿಯ ಜಾಗದಲ್ಲಿ ಅಷ್ಟೇ ಎತ್ತರದ ಉಕ್ಕಿನ ಬಿಲ್ಲೆಯನ್ನಿಟ್ಟು, ಒದ್ದೆ ಮಾಡಿದ ಕಲ್ಲು ಮತ್ತು ಫಿಲ್ಟರ್ ಕಾಗದಗಳನ್ನು ಎಂದಿನಂತೆ ಜೋಡಿಸಿ, ಎಲ್ಲ ಹಂತಗಳ ಭಾರ ಹಾಕಿ ಇಳಿಸಿ ಓದಿಕೊಳ್ಳಬೇಕು. ಒಂದು ಹಂತದಲ್ಲಿ 0.06 ಮಿ.ಮೀ. ಬಂದರೆ ಅದು 20 ಮಿ.ಮೀ. ಮಾದರಿಯ ಶೇಕಡಾ 0.3. ಮೆತ್ತನೆಯ ಸಮುದ್ರ ಜೇಡಿಗೆ ಇದು ಗಣನೆಗೆ ಬಾರದು. ಗಟ್ಟಿ ಜೇಡಿಯಲ್ಲಿ ಇಡೀ ಹಂತದ ಕುಗ್ಗುವಿಕೆಯೇ ಶೇಕಡಾ 1 ಇದ್ದಾಗ ಅದರ ಮೂರನೆಯ ಒಂದು ಪಾಲು ಯಂತ್ರದ್ದಾಗಿರುತ್ತದೆ. ಒಣ ಫಿಲ್ಟರ್ ಕಾಗದ ಬಳಸಿದರೆ ಅದು ಮಣ್ಣಿನಿಂದ ನೀರು ಹೀರುವುದೂ ಉಂಟು, ಆದ್ದರಿಂದ ಕಾಗದ ಒದ್ದೆಯಾಗಿಯೇ ಇರಬೇಕು.

ಭಾರ ಇಡುವ ಕೈಯೂ ಇಲ್ಲಿ ಮುಖ್ಯ. ತೂಕದ ಬಿಲ್ಲೆಯನ್ನು ಹ್ಯಾಂಗರ್ ಮೇಲೆ ಬೀಳಿಸಿದರೆ ಲಿವರ್ ತೋಳು ಒಮ್ಮೆ ಪುಟಿಯುತ್ತದೆ, ಮಣ್ಣು ಒಂದು ಕ್ಷಣ ಹೆಚ್ಚಿನ ಭಾರ ಕಾಣುತ್ತದೆ. ಅದಕ್ಕೆ ಹೆದರಿ ಅರ್ಧ ನಿಮಿಷ ನಿಧಾನಿಸಿ ಇಟ್ಟರೆ ಸೊನ್ನೆ ಸಮಯ ಯಾವುದೆಂಬುದೇ ತಿಳಿಯದೆ ವರ್ಗಮೂಲ ನಕ್ಷೆಯ ಆರಂಭ ಬಾಗುತ್ತದೆ. ತೋಳಿನ ಕೆಳಗೆ ಆಧಾರದ ಸ್ಕ್ರೂ ಕೊಟ್ಟು, ಬಿಲ್ಲೆಯನ್ನು ಇಟ್ಟು, ನಂತರ ಸ್ಕ್ರೂವನ್ನು ಒಂದೇ ಸಮನೆ ಬಿಡುವುದು ಸರಿಯಾದ ಪದ್ಧತಿ.

ನೀರು ಹೊರಹೋಗುವ ದಾರಿ ಕಟ್ಟಿದಾಗ

ಈಗ ನಮ್ಮ 31 ನಿಮಿಷದ ಯಂತ್ರಕ್ಕೆ ಬರೋಣ. ಅದರ ಮೊದಲ ನಿಮಿಷದಲ್ಲಿ ವಿಶೇಷ ಜಿಗಿತವಿರಲಿಲ್ಲ, ವರ್ಗಮೂಲ ನಕ್ಷೆಯಲ್ಲಿ ಚೆಂದದ ನೇರ ಗೆರೆಯಿತ್ತು, ಲಾಗ್ ನಕ್ಷೆಯಲ್ಲಿ ಪುಸ್ತಕದಲ್ಲಿರುವಂಥ ಎಸ್ ಇತ್ತು. 24 ಗಂಟೆಯ ಕೊನೆಯ ಕುಗ್ಗುವಿಕೆಯೂ ಉಳಿದೆರಡಕ್ಕೆ ಹೊಂದುತ್ತಿತ್ತು. ಅಂದರೆ ಒಟ್ಟು ಮೊತ್ತ ಸರಿ, ವೇಗ ಮಾತ್ರ ತಪ್ಪು. ರೇಖೆಯ ಆಕಾರ ಕೆಡದೆ ಇಡೀ ರೇಖೆ ಲಾಗ್ ಅಕ್ಷದಲ್ಲಿ ಬಲಕ್ಕೆ ಸರಿದಿದ್ದರೆ ಸಂಶಯ ಹೋಗಬೇಕಾದದ್ದು ನೀರಿನ ದಾರಿಯ ಮೇಲೆ.

ಇಲ್ಲಿ 31ನ್ನು 8ರಿಂದ ಭಾಗಿಸಿ ನೋಡಿದಾಗ 3.9 ಬಂದದ್ದು ಕಣ್ಣು ತೆರೆಸಿತು. ಸಿದ್ಧಾಂತದ ಪ್ರಕಾರ ಸಮಯವು ನೀರಿನ ದಾರಿಯ ಉದ್ದದ ವರ್ಗಕ್ಕೆ ಅನುಗುಣ. ಮೇಲೂ ಕೆಳಗೂ ಕಲ್ಲಿರುವಾಗ ನೀರಿನ ದಾರಿ ಮಾದರಿಯ ಅರ್ಧ ಎತ್ತರ. ಒಂದು ಕಲ್ಲು ಕಟ್ಟಿಕೊಂಡರೆ ಪೂರ್ತಿ ಎತ್ತರ. ದಾರಿ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಆ ಹಂತದಲ್ಲಿ ಮಾದರಿಯ ಸರಾಸರಿ ಎತ್ತರ 18 ಮಿ.ಮೀ. ಇತ್ತು. ಮೊದಲ ಯಂತ್ರಕ್ಕೆ 9 ಮಿ.ಮೀ. ದಾರಿ ಹಾಕಿದರೆ ಗುಣಾಂಕ ವರ್ಷಕ್ಕೆ 1.05 ಚದರ ಮೀಟರ್. ಮೂರನೆಯದಕ್ಕೂ 9 ಹಾಕಿದರೆ 0.27, ಆದರೆ 18 ಹಾಕಿದರೆ 1.08. ಮೂರು ಯಂತ್ರಗಳೂ ಒಂದೇ ಮಣ್ಣನ್ನು ಸರಿಯಾಗಿಯೇ ಅಳೆದಿದ್ದವು, ಮೂರನೆಯದರಲ್ಲಿ ಮಾತ್ರ ಒಂದು ಬಾಗಿಲು ಮುಚ್ಚಿತ್ತು.

ಅಂಕಿ ಹೊಂದಿತೆಂದು ಅಲ್ಲಿಗೇ ಬಿಡಬಾರದು. ಮೂರನೆಯ ಯಂತ್ರದ ತಳದ ಕಲ್ಲನ್ನು ಎರಡನೆಯದಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಹಾಕಿ, ಕೊಳವೆಯಲ್ಲಿ ಉಳಿದಿದ್ದ ಮಣ್ಣಿನಿಂದ ಹೊಸ ಮಾದರಿಗಳನ್ನು ಇಟ್ಟೆವು. ನಿಧಾನಗತಿ ಎರಡನೆಯ ಯಂತ್ರಕ್ಕೆ ಹೋಯಿತು. ದೋಷ ಕಲ್ಲಿನ ಜೊತೆಗೆ ಹೋಗುತ್ತಿದೆ ಎಂಬುದಕ್ಕೆ ಇನ್ನೇನು ಬೇಕು? ಆ ಕಲ್ಲನ್ನು ಒದ್ದೆ ಮಾಡಿ, ಮೇಲ್ಮೈಯಲ್ಲಿ ಒಂದು ಚಮಚ ನೀರು ನಿಲ್ಲಿಸಿ ನೋಡಿದೆ. ಒಳ್ಳೆಯ ಕಲ್ಲಿನಲ್ಲಿ ನೀರು ನೋಡುತ್ತಿದ್ದಂತೆಯೇ ಇಳಿದುಹೋಗುತ್ತದೆ; ಇದರ ಮೇಲೆ ನೀರು ಕನ್ನಡಿಯಂತೆ ನಿಂತಿತು. ಉಗುರಿನಿಂದ ಕೆರೆದಾಗ ಬೂದು ಬಣ್ಣದ ನುಣುಪಾದ ಪದರ ಎದ್ದಿತು: ಹಿಂದಿನ ಯಾವುದೋ ಪರೀಕ್ಷೆಯ ಜೇಡಿ, ತೊಳೆಯದೆ ಹಾಗೆಯೇ ಒಣಗಿ ರಂಧ್ರಗಳಲ್ಲಿ ಕೂತಿತ್ತು.

ಎಲ್ಲ ಸಲವೂ ಅನುಪಾತ ಇಷ್ಟು ಚೊಕ್ಕವಾಗಿ ನಾಲ್ಕು ಬರುವುದಿಲ್ಲ. ಕಲ್ಲು ಅರೆಬರೆ ಕಟ್ಟಿದ್ದರೆ ಎರಡೋ ಮೂರೋ ಬರಬಹುದು. ಪರೀಕ್ಷೆಯ ನಡುವೆಯೇ ಕಟ್ಟುತ್ತಿದ್ದರೆ ಹಂತದಿಂದ ಹಂತಕ್ಕೆ ಟಿ-50 ಏರುತ್ತಾ ಹೋಗುತ್ತದೆ; ಆದರೆ ಪೂರ್ವ ಕನ್ಸಾಲಿಡೇಶನ್ ಒತ್ತಡವನ್ನು (ಮಣ್ಣು ಹಿಂದೆ ಹೊತ್ತಿದ್ದ ಗರಿಷ್ಠ ಒತ್ತಡವನ್ನು) ದಾಟುವಾಗ ಒಳ್ಳೆಯ ಮಣ್ಣಿನಲ್ಲೂ ಸಮಯ ತಟ್ಟನೆ ಏರುವುದು ಸಹಜವಾದ್ದರಿಂದ, ಜೊತೆಯ ರಿಂಗಿನ ಹೋಲಿಕೆಯಿಲ್ಲದೆ ಕಲ್ಲನ್ನು ದೂರಬಾರದು. ಒಂದೇ ಕೊಳವೆಯಿಂದ ಕನಿಷ್ಠ ಎರಡು ಮಾದರಿ ಇಡಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಇದೇ ಲೆಕ್ಕದ ಇನ್ನೊಂದು ಮುಖ ಕಾಗದದ ಮೇಲಿನ ತಪ್ಪು. ಕಲ್ಲುಗಳೆಲ್ಲ ಸರಿಯಿದ್ದೂ, ಲೆಕ್ಕ ಹಾಕುವವರು ಅರ್ಧ ಎತ್ತರದ ಬದಲು ಪೂರ್ತಿ ಎತ್ತರ ಹಾಕಿದರೆ ಗುಣಾಂಕ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ಆರಂಭದ 20 ಮಿ.ಮೀ. ಎತ್ತರವನ್ನೇ ಕೊನೆಯ ಹಂತದವರೆಗೂ ಬಳಸುವುದು ಅದಕ್ಕಿಂತ ಸಣ್ಣ ತಪ್ಪು, ಆದರೂ ಮಾದರಿ 17 ಮಿ.ಮೀ.ಗೆ ಇಳಿದಾಗ ನಿಜವಾದ ಗುಣಾಂಕ ಹಾಗೆ ಬಂದದ್ದಕ್ಕಿಂತ ಶೇಕಡಾ 28ರಷ್ಟು ಕಡಿಮೆಯಿರುತ್ತದೆ.

ಬಾಲ ಮುಗಿಯದಿದ್ದಾಗ

ಲಾಗ್ ನಕ್ಷೆಯ ಕೊನೆಯಲ್ಲಿ ರೇಖೆ ನಿಲ್ಲದೆ ಇಳಿಯುತ್ತಲೇ ಇರುವುದು ದೋಷವೇ ಆಗಬೇಕೆಂದಿಲ್ಲ. ರಂಧ್ರ ನೀರಿನ ಒತ್ತಡ ಇಳಿದುಹೋದ ಮೇಲೂ ಜೇಡಿ ಕುಗ್ಗುತ್ತದೆ, ಅದು ದ್ವಿತೀಯಕ ಸಂಕುಚನ. ಟೆರ್ಜಾಗಿಯವರ ಸಿದ್ಧಾಂತದಲ್ಲಿ ಅದಕ್ಕೆ ಜಾಗವಿಲ್ಲ. ಅದರ ಪ್ರಮಾಣಕ್ಕೆ ಒಂದು ಅಳತೆಗೋಲಿದೆ: ದ್ವಿತೀಯಕ ಸಂಕುಚನ ಸೂಚ್ಯಂಕವನ್ನು (ಸಮಯದ ಲಾಗ್ ಎದುರು ಬಾಲದಲ್ಲಿ ರಂಧ್ರಾನುಪಾತದ ಇಳಿಜಾರು) ಸಂಕುಚನ ಸೂಚ್ಯಂಕದಿಂದ (ಒತ್ತಡದ ಲಾಗ್ ಎದುರು ರಂಧ್ರಾನುಪಾತದ ಇಳಿಜಾರು) ಭಾಗಿಸಿದರೆ ಸಾಮಾನ್ಯ ಜೇಡಿಗಳಲ್ಲಿ 0.04ರ ಆಸುಪಾಸು, ಸಾವಯವ ಅಂಶವಿರುವ ಜೇಡಿಗಳಲ್ಲಿ 0.05ರ ಆಸುಪಾಸು ಬರುತ್ತದೆ, ಎರಡರಲ್ಲೂ 0.01ರಷ್ಟು ಹೆಚ್ಚುಕಡಿಮೆಯಾಗಬಹುದು. ನಿಮ್ಮದು 0.1 ದಾಟಿದ್ದರೆ ಮಣ್ಣಿನ ಬಗ್ಗೆ ಬರೆಯುವ ಮೊದಲು ಕೋಣೆಯನ್ನು ನೋಡಿ.

ಕೋಣೆಯಲ್ಲಿ ನೋಡಬೇಕಾದದ್ದು ಮೊದಲು ನೀರು. ಶನಿವಾರ ಸಂಜೆ ಭಾರ ಹಾಕಿ ಹೋದ ಕೋಶದ ನೀರು ಸೋಮವಾರದ ಹೊತ್ತಿಗೆ ಆವಿಯಾಗಿ ಮೇಲಿನ ಕಲ್ಲಿಗಿಂತ ಕೆಳಗಿಳಿದರೆ, ಮಣ್ಣು ಒಣಗುವ ಎಳೆತಕ್ಕೆ ಸಿಕ್ಕಿ ಭಾರಕ್ಕೆ ಸಂಬಂಧವಿಲ್ಲದೆ ಕುಗ್ಗುತ್ತದೆ. ಬಾಲದಲ್ಲಿ ಹಠಾತ್ತಾಗಿ ಕಡಿದಾದ ಇಳಿತ, ರಿಂಗಿನ ಅಂಚಿನಲ್ಲಿ ಮಣ್ಣು ಬಿಟ್ಟಿರುವ ಸಣ್ಣ ಬಿರುಕು, ಇವೆರಡೂ ಕಂಡರೆ ಆ ಹಂತವನ್ನು ಕೈಬಿಡುವುದೇ ಸರಿ. ಹಾಗೆ ಒಣಗಿದ ಮಣ್ಣಿಗೆ ಹೊಸ ಪೂರ್ವ ಒತ್ತಡ ಬಂದಿರುತ್ತದೆ.

ಎರಡನೆಯದು ಉಷ್ಣತೆ. ಬಾಲದ ಓದುಗಳು ಮಧ್ಯಾಹ್ನ ಒಂದು ಕಡೆಗೆ, ಬೆಳಗಿನ ಜಾವ ಇನ್ನೊಂದು ಕಡೆಗೆ ತೂಗಿದರೆ ಲೋಹದ ಚೌಕಟ್ಟು ಹಿಗ್ಗಿ ಕುಗ್ಗುತ್ತಿದೆ ಎಂದರ್ಥ. ಕಿಟಕಿಯ ಬಿಸಿಲು ಯಂತ್ರದ ಮೇಲೆ ಬೀಳುತ್ತಿದೆಯೇ ನೋಡಿ. ಉಷ್ಣತೆಯ ಪರಿಣಾಮ ವೇಗದ ಮೇಲೂ ಇದೆ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.00 ಇದ್ದರೆ 30 ಡಿಗ್ರಿಯಲ್ಲಿ 0.80 ಮಿಲಿಪ್ಯಾಸ್ಕಲ್ ಸೆಕೆಂಡ್, ಆದ್ದರಿಂದ ಅದೇ ಮಣ್ಣಿನ ಗುಣಾಂಕ 30 ಡಿಗ್ರಿಯಲ್ಲಿ ಸುಮಾರು ಶೇಕಡಾ 25 ಹೆಚ್ಚು. ಡಿಸೆಂಬರಿನ ಮತ್ತು ಏಪ್ರಿಲಿನ ವರದಿಗಳು ಹೊಂದದಿರಲು ಕೆಲವೊಮ್ಮೆ ಇಷ್ಟೇ ಕಾರಣ. ಮೂರನೆಯದಾಗಿ, ಪಕ್ಕದ ಮೇಜಿನಲ್ಲಿ ಜರಡಿ ಯಂತ್ರ ಓಡುತ್ತಿದ್ದರೆ ಅದನ್ನು ಬೇರೆ ಕೋಣೆಗೆ ಕಳುಹಿಸಿ.

ಎಸ್ ಆಕಾರವೇ ಮೂಡದೆ ಮೊದಲಿನಿಂದಲೂ ಬಾಲದಂತೆಯೇ ಇರುವ ರೇಖೆ ಬಂದರೆ ಭಾರದ ಏರಿಕೆ ಸಾಲದೇ ಹೋಗಿರಬಹುದು. ಪ್ರತಿ ಹಂತದಲ್ಲೂ ಒತ್ತಡವನ್ನು ದುಪ್ಪಟ್ಟು ಮಾಡುವ ಪದ್ಧತಿಗೆ ಕಾರಣವಿದೆ: ಏರಿಕೆ ತೀರಾ ಸಣ್ಣದಾದರೆ ನೀರಿನ ಒತ್ತಡದಿಂದಾದ ಕುಗ್ಗುವಿಕೆ ದ್ವಿತೀಯಕದಲ್ಲಿ ಮುಳುಗಿಹೋಗುತ್ತದೆ.

ಒತ್ತಡದ ಅಕ್ಷವೇ ಸರಿದಾಗ

ಇದು ನಕ್ಷೆಯನ್ನು ನೋಡಿ ಹಿಡಿಯಲಾಗದ ದೋಷ. 60 ಮಿ.ಮೀ. ರಿಂಗಿಗೆಂದು ಒತ್ತಡ ಬರೆದಿಟ್ಟ ಬಿಲ್ಲೆಗಳನ್ನು 75 ಮಿ.ಮೀ. ರಿಂಗಿಗೆ ಬಳಸಿದರೆ, ಮಣ್ಣಿಗೆ ತಲುಪುವ ಒತ್ತಡ ಬರೆದದ್ದರ ಶೇಕಡಾ 64 ಮಾತ್ರ. ಆದರೆ ಎಲ್ಲ ಹಂತಗಳೂ ಒಂದೇ ಪಾಲಿನಲ್ಲಿ ತಪ್ಪುವುದರಿಂದ ಲಾಗ್ ಅಕ್ಷದಲ್ಲಿ ಇಡೀ ರೇಖೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಇಳಿಜಾರು ಬದಲಾಗುವುದಿಲ್ಲ. ಸಂಕುಚನ ಸೂಚ್ಯಂಕ ಸರಿಯಾಗಿಯೇ ಬರುತ್ತದೆ. ಪೂರ್ವ ಕನ್ಸಾಲಿಡೇಶನ್ ಒತ್ತಡ ಮಾತ್ರ 1.56 ಪಟ್ಟು ಹೆಚ್ಚಾಗಿ ಕಾಣುತ್ತದೆ. ಮೆತ್ತನೆಯ ಮಣ್ಣನ್ನು ಗಟ್ಟಿಯೆಂದು ನಂಬಿಸುವ ಈ ತಪ್ಪು ಅಪಾಯದ ಕಡೆಗೇ ವಾಲುತ್ತದೆ. ಪರಿಹಾರ ಸರಳ: 60 ಮಿ.ಮೀ. ರಿಂಗಿನ ವಿಸ್ತೀರ್ಣ 28.27 ಚದರ ಸೆಂ.ಮೀ., ಅದರ ಮೇಲೆ 100 ಕಿಲೋಪ್ಯಾಸ್ಕಲ್ ಬರಲು ಸುಮಾರು 283 ನ್ಯೂಟನ್ ಬೇಕು, ಒಂದಕ್ಕೆ ಹತ್ತರ ಲಿವರ್‌ನಲ್ಲಿ ಹ್ಯಾಂಗರ್ ಮೇಲೆ 2.88 ಕಿಲೋ. ಬಿಲ್ಲೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಲೋಡ್ ಸೆಲ್ಲನ್ನು ಮಾದರಿಯ ಜಾಗದಲ್ಲಿಟ್ಟು ಓದಿ. ತೋಳು ಸಮತಲದಲ್ಲಿಲ್ಲದಿದ್ದರೆ ಅನುಪಾತವೂ ಹತ್ತಾಗಿ ಉಳಿಯುವುದಿಲ್ಲ.

ಮೊಣಕೈ ಕಾಣದ ನಕ್ಷೆ

ರಂಧ್ರಾನುಪಾತವನ್ನು ಒತ್ತಡದ ಲಾಗ್ ಎದುರು ಗುರುತಿಸಿದಾಗ ಪೂರ್ವ ಕನ್ಸಾಲಿಡೇಶನ್ ಒತ್ತಡದ ಬಳಿ ಸ್ಪಷ್ಟ ಮೊಣಕೈ ಕಾಣಬೇಕು. ಕಾಸಗ್ರಾಂಡೆ 1936ರಲ್ಲಿ ಕೊಟ್ಟ ರಚನೆ ಅದನ್ನೇ ಆಧರಿಸಿದೆ. ಮೊಣಕೈ ಇಲ್ಲದೆ ರೇಖೆ ಆರಂಭದಿಂದಲೂ ಬಿಲ್ಲಿನಂತೆ ಬಾಗಿದ್ದರೆ ಮಾದರಿ ಕದಡಿದೆ, ಅಂದರೆ ತೆಗೆಯುವಾಗಲೋ ಸಾಗಿಸುವಾಗಲೋ ಅದರ ರಚನೆ ಕೆಟ್ಟಿದೆ. ಯಂತ್ರ ಎಷ್ಟು ಚೆನ್ನಾಗಿದ್ದರೂ ಇದನ್ನು ಸರಿಪಡಿಸಲಾರದು, ಆದ್ದರಿಂದಲೇ ಎಲ್ಲ ದೋಷಗಳಲ್ಲಿ ನನಗೆ ಹೆಚ್ಚು ಸಂಕಟ ತರುವುದು ಇದು.

ಕದಡುವಿಕೆಗೆ ಒಂದು ಸಂಖ್ಯೆ ಕೊಡಬಹುದು. ಮಾದರಿಯನ್ನು ಅದು ನೆಲದಲ್ಲಿ ಹೊರುತ್ತಿದ್ದ ಒತ್ತಡಕ್ಕೆ ಮರಳಿಸಿದಾಗ ರಂಧ್ರಾನುಪಾತ ಎಷ್ಟು ಇಳಿಯಿತೋ ಅದನ್ನು ಆರಂಭದ ರಂಧ್ರಾನುಪಾತದಿಂದ ಭಾಗಿಸಬೇಕು. ಸಾಧಾರಣವಾಗಿ ಅಥವಾ ಸ್ವಲ್ಪ ಹೆಚ್ಚಾಗಿ ಕನ್ಸಾಲಿಡೇಟ್ ಆದ ಜೇಡಿಯಲ್ಲಿ ಇದು 0.04ಕ್ಕಿಂತ ಕಡಿಮೆಯಿದ್ದರೆ ಉತ್ತಮ, 0.07ರವರೆಗೆ ಪರವಾಗಿಲ್ಲ, 0.07ರಿಂದ 0.14ರವರೆಗೆ ಕಳಪೆ, ಅದಕ್ಕೂ ಮೀರಿದರೆ ತೀರಾ ಕಳಪೆ. ಆರಂಭದಲ್ಲಿ 1.90 ಇದ್ದು, ನೆಲದ ಒತ್ತಡವಾದ 60 ಕಿಲೋಪ್ಯಾಸ್ಕಲ್‌ನಲ್ಲಿ 1.72ಕ್ಕೆ ಇಳಿದ ಮಾದರಿಗೆ 0.095 ಬರುತ್ತದೆ, ಆ ಮಾದರಿಯಿಂದ ಪೂರ್ವ ಒತ್ತಡವನ್ನು ನಾನು ವರದಿ ಮಾಡುವುದಿಲ್ಲ. ಕದಡಿದ ಮಾದರಿ ಸಂಕುಚನ ಸೂಚ್ಯಂಕವನ್ನೂ ಕಡಿಮೆ ತೋರಿಸುತ್ತದೆ. ದ್ರವ ಮಿತಿಯಿಂದ (ಮಣ್ಣು ದ್ರವದಂತೆ ಹರಿಯತೊಡಗುವ ಶೇಕಡಾವಾರು ತೇವಾಂಶದಿಂದ) 10 ಕಳೆದು 0.009ರಿಂದ ಗುಣಿಸುವ ಟೆರ್ಜಾಗಿ ಮತ್ತು ಪೆಕ್ ಅವರ ಸೂತ್ರ ಕರಾರುವಾಕ್ಕಲ್ಲ, ಆದರೂ ದ್ರವ ಮಿತಿ 85 ಇರುವ ಮಣ್ಣಿಗೆ ಅದು 0.68ರಷ್ಟು ನಿರೀಕ್ಷಿಸುವಾಗ ಪರೀಕ್ಷೆ 0.45 ಕೊಟ್ಟರೆ ಕಾರಣ ಕೇಳಬೇಕು.

ಕೇಳಬೇಕಾದದ್ದು ಕೊರೆತದ ಸ್ಥಳದಲ್ಲಿ. ಕೊಳವೆಯ ಹೊರವ್ಯಾಸ 76, ಒಳವ್ಯಾಸ 72 ಮಿ.ಮೀ. ಇದ್ದರೂ ಅದರ ವಿಸ್ತೀರ್ಣಾನುಪಾತ (ಕೊಳವೆಯ ಗೋಡೆಯ ಅಡ್ಡಕೊಯ್ತಕ್ಕೂ ಒಳಗಿನ ಮಣ್ಣಿನದಕ್ಕೂ ಇರುವ ಅನುಪಾತ) ಶೇಕಡಾ 11.4, ಕದಡದ ಮಾದರಿಗೆ 10ರೊಳಗಿರಬೇಕೆಂಬುದು ರೂಢಿಯ ಮಿತಿ. ಕೊಳವೆಯನ್ನು ಒತ್ತಿದರೋ ಸುತ್ತಿಗೆಯಿಂದ ಹೊಡೆದರೋ, ಅದು ಜೀಪಿನಲ್ಲಿ ಅಡ್ಡ ಮಲಗಿ ಬಂತೋ ನಿಂತು ಬಂತೋ, ಮಣ್ಣನ್ನು ಹೊರತಳ್ಳುವಾಗ ಅದು ಒಳಗೆ ಹೋದ ದಿಕ್ಕಿನಲ್ಲೇ ತಳ್ಳಿದರೋ ವಿಚಾರಿಸಿ. ಕೊಳವೆಯ ಎರಡೂ ತುದಿಗಳ ಮಣ್ಣನ್ನು ದ್ರವ ಮಿತಿಯಂಥ ಪರೀಕ್ಷೆಗಳಿಗೆ ಬಿಟ್ಟು, ನಡುವಿನದನ್ನು ಮಾತ್ರ ರಿಂಗಿಗೆ ತೆಗೆದುಕೊಳ್ಳಬೇಕು. ಬೇರೆ ಮಾದರಿ ಸಿಗುವ ದಾರಿಯೇ ಇಲ್ಲದಿದ್ದಾಗ, ಪ್ರಯೋಗಾಲಯದ ಮತ್ತು ನೆಲದ ನೇರ ಗೆರೆಗಳು ಆರಂಭದ ರಂಧ್ರಾನುಪಾತದ 0.42 ಪಾಲಿನ ಬಳಿ ಸೇರುತ್ತವೆ ಎಂಬ ಶ್ಮರ್ಟ್‌ಮನ್ ಅವರ 1955ರ ತಿದ್ದುಪಡಿಯನ್ನು ಬಳಸಿ, ಹಾಗೆ ಬಳಸಿದ್ದೇವೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಇದೇ ಭಾಗದಲ್ಲಿ ಬೇರೆಯೇ ಗೊಂದಲವಿದೆ. ಸಣ್ಣ ಭಾರದಲ್ಲಿ ನೀರು ಹಾಕಿದ ಕೂಡಲೇ ಡಯಲ್ ಹಿಂದಕ್ಕೆ ಓಡಿದರೆ ಅದು ಯಂತ್ರದ ದೋಷವಲ್ಲ, ಮಣ್ಣು ಊದಿಕೊಳ್ಳುತ್ತಿದೆ. ಊದಲು ಬಿಟ್ಟರೆ ಮಣ್ಣಿನ ರಚನೆ ಸಡಿಲವಾಗಿ ನಂತರದ ರೇಖೆ ಕದಡಿದ ಮಾದರಿಯಂತೆ ಕಾಣುತ್ತದೆ. ಮುಳ್ಳು ಹಿಂದೆ ಸರಿಯದಂತೆ ಭಾರವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಊದುವಿಕೆ ನಿಂತ ಒತ್ತಡದಿಂದ ಪರೀಕ್ಷೆಯನ್ನು ಮುಂದುವರಿಸಬೇಕು.

ಪ್ರಯೋಗಾಲಯ ಸರಿಯಿದ್ದು ಸ್ಥಳದಲ್ಲಿ ಹೊಂದದಿದ್ದಾಗ

ಮೇಲಿನದೆಲ್ಲ ಸರಿಯಾಗಿ, ಗುಣಾಂಕ ವರ್ಷಕ್ಕೆ 1.05 ಚದರ ಮೀಟರ್ ಎಂದು ನಿಂತರೂ, ಏರಿಯ ಅಡಿಯ ಸೆಟ್ಲ್‌ಮೆಂಟ್ ಪ್ಲೇಟುಗಳು (ಕುಸಿತ ಅಳೆಯಲು ಇಟ್ಟ ತಟ್ಟೆಗಳು) ಲೆಕ್ಕಕ್ಕಿಂತ ಬಹಳ ಬೇಗ ಇಳಿದು ನಿಲ್ಲಬಹುದು. 8 ಮೀಟರ್ ಪದರದ ನಡುವೆ ಬೆರಳು ದಪ್ಪದ ಮರಳಿನ ಎಳೆಯೊಂದು ಉದ್ದಕ್ಕೂ ಹರಿದಿದ್ದರೆ ನೀರಿನ ದಾರಿ 4 ಮೀಟರಿನಿಂದ 2 ಮೀಟರಿಗೆ ಇಳಿದು, 13 ವರ್ಷ 3.2 ವರ್ಷವಾಗುತ್ತದೆ. 20 ಮಿ.ಮೀ. ಮಾದರಿ ಆ ಎಳೆಯನ್ನು ಎಂದೂ ಕಾಣುವುದಿಲ್ಲ. ಎಳೆ ಉದ್ದಕ್ಕೂ ಇದೆಯೋ ಅಲ್ಲಲ್ಲಿ ತುಂಡಾಗಿದೆಯೋ ಎಂಬುದು ಎಷ್ಟು ಕಠಿಣ ಪ್ರಶ್ನೆ ಎಂಬುದಕ್ಕೆ, 1994ರಲ್ಲಿ ತೆರೆದ ಜಪಾನಿನ ಕನ್ಸಾಯಿ ವಿಮಾನ ನಿಲ್ದಾಣದ ದ್ವೀಪದಡಿಯ ಆಳದ ಜೇಡಿ ಪದರಗಳೇ ಸಾಕ್ಷಿ. ಅಲ್ಲಿ ನಡುವಿನ ಮರಳು ಪದರಗಳು ನೀರನ್ನು ಎಷ್ಟರಮಟ್ಟಿಗೆ ಹೊರಬಿಡುತ್ತವೆ ಎಂಬುದರ ಮೇಲೆಯೇ ಲೆಕ್ಕ ನಿಂತಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪ್ರಯೋಗಾಲಯದಲ್ಲಿ ಪೂರ್ತಿ ಎತ್ತರ ಹಾಕಿ ಗುಣಾಂಕವನ್ನು ನಾಲ್ಕು ಪಟ್ಟು ಮಾಡಿದ ತಪ್ಪು ಲೆಕ್ಕವೂ ಇದೇ ಪದರಕ್ಕೆ 3.2 ವರ್ಷವನ್ನೇ ಕೊಡುತ್ತದೆ. ನೆಲದಲ್ಲಿ ಮರಳಿನ ಎಳೆ ಇದ್ದು, ಲೆಕ್ಕದಲ್ಲಿ ಈ ತಪ್ಪೂ ಇದ್ದರೆ, ಎರಡೂ ಒಂದನ್ನೊಂದು ಮುಚ್ಚಿ ವರದಿ ಸ್ಥಳಕ್ಕೆ ಹೊಂದಿದಂತೆ ಕಾಣುತ್ತದೆ. ಅದೇ ಗುಣಾಂಕವನ್ನು ಮರಳಿಲ್ಲದ ಮುಂದಿನ ಸೇತುವೆಯ ಬಳಿ ಬಳಸಿದಾಗ ಏರಿ ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಆದ್ದರಿಂದ ಸ್ಥಳದ ಓದುಗಳು ಹೊಂದಿದವು ಎಂಬ ಕಾರಣಕ್ಕೆ ಪ್ರಯೋಗಾಲಯದ ಲೆಕ್ಕವನ್ನು ಪರಿಶೀಲಿಸದೆ ಬಿಡಬಾರದು. ಸಮಾನ ಅಂತರದ ದಿನಗಳ ಕುಸಿತವನ್ನು ಹಿಂದಿನ ಓದಿನ ಎದುರು ಗುರುತಿಸುವ ಅಸಾವೊಕಾ ಅವರ 1978ರ ವಿಧಾನದಿಂದ ಸ್ಥಳದ ಗುಣಾಂಕವನ್ನು ಬೇರೆಯಾಗಿಯೇ ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು.

ನಮ್ಮ ಮೂರನೆಯ ಯಂತ್ರದ ಅಂಕಿಗಳನ್ನು 18 ಮಿ.ಮೀ. ದಾರಿ ಹಾಕಿ ತಿದ್ದಿ ವರದಿಗೆ ಸೇರಿಸಬಹುದಿತ್ತು, ಸೇರಿಸಲಿಲ್ಲ. ಕಲ್ಲು ಎಲ್ಲ ಹಂತಗಳಲ್ಲೂ ಪೂರ್ತಿ ಕಟ್ಟಿತ್ತೆಂಬುದಕ್ಕೆ ಪುರಾವೆಯಿರಲಿಲ್ಲ. ಅದರ ಒತ್ತಡ ಮತ್ತು ರಂಧ್ರಾನುಪಾತದ ರೇಖೆಯನ್ನು ಮಾತ್ರ ಉಳಿಸಿಕೊಂಡು, ವೇಗದ ಅಂಕಿಗಳನ್ನು ಕಾರಣ ಸಹಿತ ಕೈಬಿಟ್ಟು, ಮೂಲ ಓದುಗಳ ಹಾಳೆಯನ್ನು ವರದಿಗೆ ಲಗತ್ತಿಸಿದೆವು. ಆ ಕಲ್ಲನ್ನು ಕುದಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಕುದಿಸಿದರೂ ಚಮಚದ ನೀರು ಅದರ ಮೇಲೆ ನಿಂತೇ ಇತ್ತು, ಹಾಗಾಗಿ ಅದನ್ನು ಬಳಕೆಯಿಂದ ತೆಗೆದೆವು. ಉಳಿದ ಕಲ್ಲುಗಳು ಈಗ ಪರೀಕ್ಷೆ ಮುಗಿದ ದಿನವೇ ತೊಳೆದು, ಕುದಿಸಿದ ನೀರಿನ ಡಬ್ಬಿಯಲ್ಲಿ ಮುಳುಗಿಕೊಂಡೇ ಇರುತ್ತವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ, ಯಾವ ಮಾದರಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದನ್ನು ಓದುಗಳ ಹಾಳೆಯ ಮೊದಲ ಸಾಲಿನಲ್ಲೇ ಬರೆಯುತ್ತೇವೆ.